ತಿಳಿ ಬಿಯರಿನ ಮೆರವಣಿಗೆ

2009ನೇ ಇಸವಿ ಆಗಸ್ಟ್ ಒಂಬತ್ತು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಡೆಲ್ಮರ್ ಪ್ರಾಕ್ನೋ ತನ್ನ ಮಾವನ ಉದ್ದನೆಯ ಕರಿ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆದ. ವೇಗ ಗಂಟೆಗೆ ನಾಲ್ಕು ಮೈಲಿ. ಕಾರಿನ ಹಿಂಭಾಗದಲ್ಲಿ ಹತ್ತೊಂಬತ್ತು ಲೀಟರ್ ಬಿಯರ್ ತುಂಬಿದ ಉಕ್ಕಿನ ಪೀಪಾಯಿ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಭಾನುವಾರದ ಕರಿ ಸೂಟು ತೊಟ್ಟು, ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು, ನಾನು ಕೂತಿದ್ದೆ. ಪೀಪಾಯಿಯ ನೆತ್ತಿಯ ಮೇಲೆ ಒಂದು ಗಾಜಿನ ಬಟ್ಟಲು, ಅದರ ತುಂಬ ನೀರು. ಆ ನೀರು ಅಲುಗಿದರೆ ಕೂಡಲೇ ಹೇಳಬೇಕು. ಅದು ನನ್ನ ಕೆಲಸ. ಮೂವತ್ತೊಂದು ವರ್ಷ ಊರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನಿಗೆ ನಿವೃತ್ತಿಯ ನಂತರ ಇಂಥ ಜವಾಬ್ದಾರಿಗಳು ತಾವಾಗಿಯೇ ಒದಗಿ ಬರುತ್ತವೆ.

ಇದೆಲ್ಲ ಶುರುವಾದದ್ದು ಜುಲೈ ಹದಿನೇಳರ ಶುಕ್ರವಾರ. ವಿಸ್ಕಾನ್ಸಿನ್‌ನ ನಮ್ಮ ಆಲ್ಟೆನ್‌ಡಾರ್ಫಿನಲ್ಲಿ ಶುಕ್ರವಾರ ಸಂಜೆ ಕರಿದ ಮೀನು ತಿನ್ನಲು ಊರಿಗೆ ಊರೇ ಒಂದು ಹೋಟೆಲಿನಲ್ಲಿ ಸೇರುತ್ತದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಆಡಿಲ್ಲ ಎನ್ನುವ ಹಾಗಿಲ್ಲ, ಅಷ್ಟು ಸಾಕ್ಷಿಗಳಿರುತ್ತಾರೆ.

"ಚರ್ಚಿನ ಪಿಕ್ನಿಕ್ಕಿಗೆ ಈ ವರ್ಷ ಏನು ತರ್ತಿದ್ದೀಯ ಡೆಲ್ಮರ್?" ಎಂದು ಕೇಳಿದವನು ಅವನ ಷಡ್ಡಕ ವೆಂಡೆಲ್ ಕ್ರೌಸಿ. "ಬಿಯರೋ, ಗಂಜಿಯೋ? ಮೊದಲೇ ಹೇಳಿದ್ರೆ ಚಮಚ ತರ್ತೀನಿ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಡೆಲ್ಮರ್ ಮಾತ್ರ ಮಾವನ ಮುಖ ನೋಡಿದ. ಮಾವ ಎಲ್ರಾಯ್ ಸ್ಟೂಬಿ ನಗಲಿಲ್ಲ, ಮೀನಿನ ಮುಳ್ಳು ಬಿಡಿಸುತ್ತಿದ್ದರು. ಅವರಿಗೆ ಆಗ ಎಂಬತ್ತನಾಲ್ಕು. ಈಗ ಮುಚ್ಚಿಹೋಗಿರುವ ಬಿಯರ್ ಕಾರ್ಖಾನೆಯ ಸೋಸುವ ಕೋಣೆಯಲ್ಲಿ ನಲವತ್ತೊಂದು ವರ್ಷ ನಿಂತವರು. ಕಣ್ಣಿಗೆ ಮಬ್ಬಾಗಿ ಕಂಡದ್ದನ್ನು ಬಾಯಿಗೆ ಬಿಟ್ಟುಕೊಳ್ಳುವವರಲ್ಲ. ಆರು ವರ್ಷದಿಂದ ಪ್ರತಿ ಪಿಕ್ನಿಕ್ಕಿನಲ್ಲೂ ಅಳಿಯ ಕೊಟ್ಟ ಗ್ಲಾಸನ್ನು ಸೂರ್ಯನಿಗೆ ಹಿಡಿದು, ಒಂದು ಗುಟುಕು ಕುಡಿದು, ಒಂದು ಮಾತು ಹೇಳಿ, ಉಳಿದದ್ದನ್ನು ಹುಲ್ಲಿಗೆ ಚೆಲ್ಲುತ್ತಿದ್ದರು. ಮೊದಲ ವರ್ಷದ ಮಾತು: "ಪಾತ್ರೆ ತೊಳೆದ ನೀರನ್ನ ಯಾಕಪ್ಪ ಎತ್ತಿಟ್ಟಿದ್ದೀಯ?" ಆರನೆಯ ವರ್ಷದ್ದು: "ಈ ಜಾಗದಲ್ಲಿ ಹುಲ್ಲು ಚೆನ್ನಾಗಿ ಬಂದಿದೆ, ಗಮನಿಸಿದ್ಯಾ?"

"ಈ ಸಲ ನೀರಿಗಿಂತ ತಿಳಿಯಾಗಿರುತ್ತೆ," ಎಂದ ಡೆಲ್ಮರ್. ಕಿವಿ ಕೆಂಪಾಗಿತ್ತು. "ಮಾವ ತಳ ಕಾಣೋವರೆಗೂ ಕುಡೀತಾರೆ. ಕುಡೀದೆ ಇದ್ರೆ ಅವತ್ತಿಗೆ ಬಿಟ್ಟೆ. ಇನ್ನು ಜನ್ಮದಲ್ಲಿ ಬಿಯರ್ ಮಾಡಲ್ಲ."

"ಹಂಗಾದ್ರೆ ಗ್ಯಾರೇಜಲ್ಲಿರೋ ಫ್ರಿಜ್ಜು?" ಎಂದ ವೆಂಡೆಲ್.

"ನೀನೇ ತಗೊಂಡು ಹೋಗು."

"ಸರಿಯಾಯ್ತು. ಗಾಳಕ್ಕೆ ಹಾಕೋ ಎರೆಹುಳ ಇಡೋಕೆ ನಂಗೊಂದು ಫ್ರಿಜ್ಜು ಬೇಕಿತ್ತು."

ಎಲ್ರಾಯ್ ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. "ಇಷ್ಟು ಜನರ ಮುಂದೆ ಹೇಳಿದ್ದೀಯ. ನಾನೂ ಒಂದು ಹೇಳ್ತೀನಿ. ಪಿಕ್ನಿಕ್ಕಿನಲ್ಲಿ ಬರೋ ಮೊದಲನೇ ಗ್ಲಾಸೇ ನಂದು. ಎರಡನೇದಲ್ಲ, ಮೂರನೇದಲ್ಲ."

ಮುದುಕ ಮರ್ಮಕ್ಕೇ ಕೈ ಹಾಕಿದ್ದರು. ಪೀಪಾಯಿಯಿಂದ ಬಿಯರು ಹೊರಬರುವುದು ತಳದವರೆಗೆ ಇಳಿದ ಒಂದು ಕೊಳವೆಯ ಮೂಲಕ. ಬಿಯರಿನಲ್ಲಿ ತೇಲುವ ಗಸಿಯೂ ಕಾಲಕ್ರಮದಲ್ಲಿ ಇಳಿದು ಕೂರುವುದು ಅದೇ ತಳದಲ್ಲಿ. ಹಾಗಾಗಿ ಮೊದಲ ಒಂದೆರಡು ಗ್ಲಾಸು ಕೆಸರು, ಆಮೇಲೆ ತಿಳಿ. ಪೀಪಾಯಿಯನ್ನು ಅಲುಗಾಡಿಸಿದರೆ ಗಸಿಯೆಲ್ಲ ಎದ್ದು, ಲೆಕ್ಕ ಮತ್ತೆ ಮೊದಲಿನಿಂದ. ಡೆಲ್ಮರ್ ಆರು ವರ್ಷವೂ ತನ್ನ ಪಿಕಪ್ಪಿನಲ್ಲಿ ಪೀಪಾಯಿ ಹೇರಿಕೊಂಡು, ರೈಲುಹಳಿಯ ಮೇಲೆ ಧಡಧಡನೆ ದಾಟಿ ಪಿಕ್ನಿಕ್ ನಡೆಯುವ ಉದ್ಯಾನಕ್ಕೆ ಬಂದು, ಬಿಯರು ಯಾಕೆ ಮಬ್ಬಾಗಿದೆ ಎಂದು ನನ್ನನ್ನು ಕೇಳುತ್ತಿದ್ದ.

ಈ ಸಲ ಮೊದಲೇ ಕೇಳಿದ. ನಾನು ಕಾಗದದ ಮೇಲೆ ಬರೆದುಕೊಟ್ಟೆ. ಪೀಪಾಯಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತಣ್ಣಗಾಗಿಸು. ಒಂದು ಚಿಕ್ಕ ಚಮಚ ಸಪ್ಪೆ ಜೆಲಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಸುರಿ. ಅದು ಗಸಿಯನ್ನು ಹಿಡಿದು ಕೆಳಕ್ಕೆಳೆಯುತ್ತದೆ. ಎರಡು ದಿನ ಮುಟ್ಟಬೇಡ. ಆಮೇಲೆ ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಪೀಪಾಯಿಗೆ ದಾಟಿಸಿಕೊಂಡು, ಅದನ್ನು ಪಿಕ್ನಿಕ್ಕಿಗೆ ಒಯ್ಯಿ.

ಮೊದಲ ಎರಡನ್ನು ಅವನು ಅಕ್ಷರಶಃ ಪಾಲಿಸಿದ. ಮೂರನೆಯದರಲ್ಲಿ ಎರಡು ದಿನವನ್ನು ಇಪ್ಪತ್ಮೂರು ಮಾಡಿದ. ಆ ಇಪ್ಪತ್ಮೂರು ದಿನ ಅವನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗಲಿಲ್ಲ. ಅದು ಗ್ಯಾರೇಜಿನ ಗೋಡೆಗೆ ಒತ್ತಿಕೊಂಡಿತ್ತು. ಹೆಂಡತಿ ಲೋರ್ನಾ ಬಟ್ಟೆ ಗಂಟು ಹೊತ್ತುಕೊಂಡು ತಂಗಿಯ ಮನೆಗೆ, ಅಂದರೆ ವೆಂಡೆಲ್‌ನ ಮನೆಗೆ, ಹೋಗಿಬರುತ್ತಿದ್ದಳು.

"ನನ್ನ ಗಂಡ ಗ್ಯಾರೇಜಿಗೆ ಕಾಲುಚೀಲದಲ್ಲಿ ಹೋಗ್ತಾನೆ ಮೇಷ್ಟ್ರೇ," ಎಂದು ನನಗೆ ಹೇಳಿದಳು. "ಹೆರಿಗೆ ಆದಾಗ ನಾನು ಮಲಗಿದ್ದ ಕೋಣೆಗೆ ಬೂಟು ಹಾಕ್ಕೊಂಡೇ ಬಂದಿದ್ದ."

ನಾಲ್ಕನೆಯ ಸಲಹೆಯನ್ನು ಅವನು ಸಾರಾಸಗಟಾಗಿ ತಳ್ಳಿಹಾಕಿದ.

"ಇನ್ನೊಂದಕ್ಕೆ ದಾಟಿಸೋವಾಗ ಅಲುಗಾಡುತ್ತಲ್ಲ ಮೇಷ್ಟ್ರೇ?"

"ಪೀಪಾಯಿ ಅಲುಗೋದಿಲ್ಲಪ್ಪ. ಬಿಯರಷ್ಟೇ ಹರಿಯೋದು."

"ಹರಿಯೋದು ಅಂದ್ರೆ ಅಲುಗಾಟನೇ ತಾನೆ?"

ಮೂವತ್ತೊಂದು ವರ್ಷದ ಪಾಠ ಅಲ್ಲಿಗೆ ನಿಂತಿತು. ಅವನ ತೀರ್ಮಾನ ಬೇರೆಯೇ ಇತ್ತು: ಉದ್ಯಾನದವರೆಗಿನ ಮೂರು ಮೈಲಿಯನ್ನು ಪೀಪಾಯಿಗೆ ಗೊತ್ತಾಗದ ಹಾಗೆ ಕ್ರಮಿಸುವುದು.

ಅದಕ್ಕೆ ಕಾರು ಕೊಟ್ಟವರು ಸ್ವತಃ ಎಲ್ರಾಯ್. ಇಪ್ಪತ್ತೊಂದು ವರ್ಷದಿಂದ ಇನ್ನೊಬ್ಬರ ಕೈಗೆ ಕೀಲಿ ಕೊಡದ ಮನುಷ್ಯ, "ಆಮೇಲೆ ಸ್ಪ್ರಿಂಗ್ ಸರಿ ಇರಲಿಲ್ಲ ಅನ್ನಬಾರದು. ನನ್ನ ಕಾರಿನ ಸ್ಪ್ರಿಂಗು ತೊಟ್ಟಿಲಿದ್ದ ಹಾಗಿದೆ, ತಗೋ" ಎಂದು ಕೊಟ್ಟುಬಿಟ್ಟರು. ನ್ಯಾಯವಂತರು. ಭಾನುವಾರ ಬೆಳಿಗ್ಗೆ ಎಂಟಕ್ಕೇ ಮಗಳ ಜೊತೆ ಪಿಕಪ್ಪಿನಲ್ಲಿ ಕೂತು ಉದ್ಯಾನಕ್ಕೆ ಹೋದರು. ಪಿಕ್ನಿಕ್ಕಿನ ದಿನ ಪ್ರಾರ್ಥನೆಯೂ ಅಲ್ಲೇ, ಮರಗಳ ಕೆಳಗೆ, ಹತ್ತು ಗಂಟೆಗೆ.

ಹೊರಡುವ ಮುಂಚೆ ಡೆಲ್ಮರ್ ಪೀಪಾಯಿಯಿಂದ ಎರಡು ಗ್ಲಾಸು ಕೆಸರು ತೆಗೆದು ಚೆಲ್ಲಿದ. ತಂಪು ಉಳಿಯಲೆಂದು ಅದಕ್ಕೆ ಬಿಳಿಯ ರಜಾಯಿ ಸುತ್ತಿದ. ಅವತ್ತು ಪ್ರಾರ್ಥನೆಯ ಮೇಜಿಗೆ ಹೂವು ತರುವ ಸರದಿ ಲೋರ್ನಾಳದು. ಪಿಕಪ್ಪಿನಲ್ಲಿ ಗಾಳಿಗೆ ಬಾಡುತ್ತವೆ ಎಂದು ಅವಳು ಬಿಟ್ಟುಹೋಗಿದ್ದ ಬಿಳಿ ಗ್ಲಾಡಿಯೋಲಸ್‌ನ ನಾಲ್ಕು ದೊಡ್ಡ ಗೊಂಚಲುಗಳನ್ನು ಪೀಪಾಯಿಯ ಸುತ್ತ ಒತ್ತಾಗಿ ಇಟ್ಟ. ಹೂವಿಗೂ ಜಾಗವಾಯಿತು, ಪೀಪಾಯಿಗೂ ಆಸರೆಯಾಯಿತು. ಕೊನೆಗೆ ಕಾರಿನ ಮುಂದಿನ ದೀಪ ಹಾಕಿದ. ಡೆಲ್ಮರ್ ಇಪ್ಪತ್ತಾರು ವರ್ಷದಿಂದ ಕೌಂಟಿಯ ರಸ್ತೆಗಳಿಗೆ ಹಳದಿ ಗೆರೆ ಬಳಿಯುವ ಲಾರಿ ಓಡಿಸುವವನು. ನಿಧಾನಕ್ಕೆ ಹೋಗುವಾಗ ದೀಪ ಹಾಕುವುದು, ಹಿಂದೆ ಕಾರುಗಳು ಸಾಲುಗಟ್ಟುವುದು, ಇವೆರಡೂ ಅವನಿಗೆ ಉಸಿರಾಟದಷ್ಟು ಸಹಜ.

ಇಲ್ಲಿ ಓದುಗರು ಒಂದು ನಿಮಿಷ ರಸ್ತೆಯ ಬದಿಯಲ್ಲಿ ನಿಂತು ನೋಡಬೇಕು. ಎಲ್ರಾಯ್ ಸ್ಟೂಬಿಯವರ ಕರಿ ಕಾರು. ಓಡಿಸುತ್ತಿರುವವರು ಎಲ್ರಾಯ್ ಅಲ್ಲ, ಕರಿ ಸೂಟು ತೊಟ್ಟ ಅಳಿಯ. ಗಾಜಿನ ಹಿಂದೆ ಬಿಳಿ ಬಟ್ಟೆ, ಬಿಳಿ ಹೂವು, ತಲೆ ತಗ್ಗಿಸಿ ಕೂತ ಮೇಷ್ಟ್ರು. ಹಗಲಿನಲ್ಲಿ ಉರಿಯುವ ದೀಪ. ನಡೆಯುವವನೂ ದಾಟಿಹೋಗಬಹುದಾದ ವೇಗ. ಸಾಲದ್ದಕ್ಕೆ, ಹಲ್ಲು ಕೀಳಿಸಿಕೊಂಡಿದ್ದ ಎಲ್ರಾಯ್ ಆ ವಾರ ಶುಕ್ರವಾರದ ಮೀನಿಗೆ ಬಂದಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿ.

ಎರಡನೆಯ ತಿರುವಿನಲ್ಲಿ ಆರ್ಡಿಸ್ ಬೋಲ್ಟ್ ನಮ್ಮ ಹಿಂದೆ ಬಂದಳು. ಆರ್ಡಿಸ್ ಚರ್ಚಿನ ಅಡುಗೆಮನೆಯ ಒಡತಿ. ಊರಿನಲ್ಲಿ ಯಾರೇ ತೀರಿಕೊಂಡರೂ ಹಂದಿಮಾಂಸದ ಬನ್ನುಗಳನ್ನು ಎಷ್ಟು ಮಾಡಬೇಕೆಂದು ನಿರ್ಧರಿಸುವವಳು. ಹಾರನ್ ಒತ್ತಲು ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತದ್ದನ್ನು ನಾನು ಕಂಡೆ. ನಮ್ಮ ಕಡೆ ಶವದ ಗಾಡಿ ಕಂಡರೆ ದೀಪ ಹಾಕಿ ಹಿಂದೆ ಸೇರಿಕೊಳ್ಳುವುದು ವಾಡಿಕೆ. ಅವಳು ದೀಪ ಹಾಕಿದಳು. ಆಮೇಲೆ ಫೋನು ಕಿವಿಗಿಟ್ಟಳು.

ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ನನ್ನ ಗಮನ ಬಟ್ಟಲಿನ ನೀರಿನ ಮೇಲಿತ್ತು, ಮತ್ತು ವೀಕ್ಷಣೆಯ ನಡುವೆ ಗಮನ ತಪ್ಪಿಸಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವನೇ ನಾನು.

ಒಂದು ಮೈಲಿ ಆಗುವಷ್ಟರಲ್ಲಿ ಹಿಂದೆ ಹನ್ನೊಂದು ಕಾರು. ಎದುರು ಬಂದವರು ರಸ್ತೆಯಂಚಿಗೆ ಸರಿದು ನಿಂತರು. ಹೊಲದಲ್ಲಿ ಒಬ್ಬ ರೈತ ಟ್ರಾಕ್ಟರ್ ಆರಿಸಿ, ಇಳಿದು, ಟೋಪಿ ತೆಗೆದು ಎದೆಗಿಟ್ಟುಕೊಂಡ. ಡೆಲ್ಮರ್ ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತಿ ಅವನಿಗೆ ವಂದಿಸಿದ.

"ನೋಡಿದ್ರಾ ಮೇಷ್ಟ್ರೇ? ಹಳದಿ ಗೆರೆ ಬಳಿಯೋವಾಗ ಇದೇ ಜನ ನನಗೆ ಬೈಕೊಂಡು ಹೋಗ್ತಾರೆ. ಇವತ್ತು ಒಳ್ಳೇ ಕೆಲಸ ಅಂತ ಗೊತ್ತಾಗಿದೆ."

ಹೆದ್ದಾರಿ ಕೂಡುವಲ್ಲಿ ಪೊಲೀಸ್ ಅಧಿಕಾರಿ ಟ್ರೂಡಿ ಮಾಸ್ ಎರಡೂ ಕಡೆಯ ವಾಹನ ತಡೆದು ನಿಂತಿದ್ದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಬೇಡವೆಂದರೂ ಆಮ್ಲಕ್ಕೆ ನೀರು ಸುರಿದು ಸಿಡಿಸಿದವಳು. ಡೆಲ್ಮರ್ ಗಾಜು ಇಳಿಸಿದ.

"ನಿಂಗೆ ಯಾರು ಹೇಳಿದ್ದು ಟ್ರೂಡಿ?"

"ಆರ್ಡಿಸ್ ಫೋನ್ ಮಾಡಿದ್ಲು," ಎಂದಳು ಮೆಲ್ಲಗೆ. "ಆತುರ ಬೇಡ ಡೆಲ್ಮರ್. ಎಷ್ಟು ಹೊತ್ತು ಬೇಕೋ ತಗೋ. ಮುಂದೆ ನಾನಿರ್ತೀನಿ." ಸೆಲ್ಯೂಟ್ ಹೊಡೆದು, ತನ್ನ ಗಾಡಿಯ ಕೆಂಪು ನೀಲಿ ದೀಪ ತಿರುಗಿಸಿಕೊಂಡು ನಮ್ಮ ಮುಂದೆ ಹೊರಟಳು.

"ಬಿಯರಿಗೆ ಪೊಲೀಸ್ ಕಾವಲು," ಎಂದ ಡೆಲ್ಮರ್. "ಮಾವ ನೋಡಬೇಕಿತ್ತು."

ರೈಲುಹಳಿ ಬಂತು. ಡೆಲ್ಮರ್ ನಿಲ್ಲಿಸಿ, ಇಳಿದು, ಹಳಿಗಳ ಎತ್ತರವನ್ನು ಗೇಣಿನಿಂದ ಅಳೆದ. ಆಮೇಲೆ ಹಿಂದಿನ ಸಾಲಿಗೆ ಮುಖ ಮಾಡಿ ಗಟ್ಟಿಯಾಗಿ ಕೇಳಿದ: "ಒಂದು ನಾಲ್ಕು ಜನ ಬರ್ತೀರಾ? ಇಲ್ಲಿಂದ ಹಳಿಯ ಆ ಕಡೆಗೆ ಕೈಯಲ್ಲೇ ಎತ್ಕೊಂಡು ಹೋಗಬೇಕು."

ಆರು ಜನ ಬಂದರು. ಎಲ್ಲರದೂ ಭಾನುವಾರದ ಕರಿ ಕೋಟು. ಎಲ್ಲರಿಗಿಂತ ಮುಂದೆ ವೆಂಡೆಲ್, ಕಣ್ಣು ಕೆಂಪು ಮಾಡಿಕೊಂಡು.

"ನನಗೊಂದು ಮಾತು ಹೇಳಬೇಕು ಅಂತ ಅನ್ನಿಸಲಿಲ್ವಾ ನಿಂಗೆ?" ಎಂದ ಡೆಲ್ಮರ್‌ಗೆ.

"ನಿಂಗೆ ಹೇಳಿದ್ರೆ ಗೇಲಿ ಮಾಡ್ತಿದ್ದೆ."

"ಇಂಥದ್ದಕ್ಕೆ ಗೇಲಿ ಮಾಡೋನು ಅಂದ್ಕೊಂಡಿದ್ದೀಯಾ ನನ್ನ?"

"ಇಷ್ಟು ವರ್ಷ ಮಾಡಿದ್ದೇನು ಮತ್ತೆ? ಬಾ, ಮುಂದುಗಡೆ ಬಲಕ್ಕೆ ಹಿಡ್ಕೊ."

ಹಿಂಬಾಗಿಲು ತೆರೆದಾಗ ಆರು ಜನರೂ ಶವದ ಪೆಟ್ಟಿಗೆಯನ್ನು ನಿರೀಕ್ಷಿಸಿದ್ದರೆಂದು ಈಗ ನನಗೆ ಗೊತ್ತು. ಕಂಡದ್ದು ಹೂವಿನ ನಡುವೆ ಬಿಳಿ ರಜಾಯಿ ಸುತ್ತಿದ ಪೀಪಾಯಿ, ಮೇಲೆ ನೀರಿನ ಬಟ್ಟಲು. ವೆಂಡೆಲ್ ಮೊದಲು ಅರ್ಥ ಮಾಡಿಕೊಂಡ.

"ಸುಟ್ಟು ಬೂದಿ ಮಾಡಿ ಪೀಪಾಯಿಗೆ ಹಾಕಿದ್ದಾರೆ," ಎಂದು ಪಕ್ಕದವನ ಕಿವಿಯಲ್ಲಿ ಉಸುರಿದ. "ನಲವತ್ತೊಂದು ವರ್ಷ ಬಿಯರ್ ಕಾರ್ಖಾನೆ. ಅವರೇ ಕೇಳ್ಕೊಂಡಿರಬೇಕು."

ಈ ಮಾತು ನನ್ನವರೆಗೆ ಬರಲಿಲ್ಲ. ಬಟ್ಟಲು ಹಿಡಿದುಕೊಂಡು ನಾನು ಆಗಲೇ ಹಳಿ ದಾಟುತ್ತಿದ್ದೆ. ಆರು ಜನ ಪೀಪಾಯಿಯನ್ನು ಎದೆಯ ಎತ್ತರಕ್ಕೆ ಎತ್ತಿ, ಹೆಜ್ಜೆಗೆ ಹೆಜ್ಜೆ ಸೇರಿಸಿ, ಒಬ್ಬರೂ ಎಡವದೆ ಹಳಿ ದಾಟಿಸಿದರು. ಅಷ್ಟು ಮೃದುವಾಗಿ ಯಾವ ಯಂತ್ರವೂ ಪೀಪಾಯಿಯನ್ನು ಒಯ್ಯಲಾರದು. ದುಃಖಕ್ಕೆ ಆ ಗುಣವಿದೆ, ಮನುಷ್ಯರನ್ನು ಒಂದೇ ಮಟ್ಟದಲ್ಲಿ ನಡೆಸುತ್ತದೆ.

"ಇಷ್ಟು ಭಾರವಾ," ಎಂದ ಒಬ್ಬ.

"ಗಟ್ಟಿ ಮನುಷ್ಯ," ಎಂದ ವೆಂಡೆಲ್. ಅವನ ಗದ್ದದಿಂದ ಒಂದು ಹನಿ ರಜಾಯಿಯ ಮೇಲೆ ಬಿತ್ತು. ಡೆಲ್ಮರ್ ಹಳಿಯಾಚೆ ತಂದು ನಿಲ್ಲಿಸಿದ ಕಾರಿನಲ್ಲಿ ಪೀಪಾಯಿಯನ್ನು ಮತ್ತೆ ಇಟ್ಟರು.

ಈ ನಡುವೆ ಚರ್ಚಿನಲ್ಲಿ ಪ್ರಾರ್ಥನೆ ಪುಸ್ತಕಗಳನ್ನು ಕಾರಿಗೆ ಹೇರುತ್ತಿದ್ದ ಪಾದ್ರಿ ಆಕರ್‌ಮನ್ ಅವರಿಗೂ ಸುದ್ದಿ ಮುಟ್ಟಿತ್ತು. ಅವರು ಸುಗ್ಗಿಯ ಬಗ್ಗೆ ಬರೆದಿದ್ದ ಉಪದೇಶವನ್ನು ಮಡಚಿಟ್ಟು, ಶವಸಂಸ್ಕಾರದ ಪ್ರಾರ್ಥನೆಗಳ ಪುಸ್ತಕ ತೆಗೆದುಕೊಂಡು, ಉದ್ಯಾನದ ದ್ವಾರದ ಬಳಿ ನಮ್ಮ ಸಾಲಿಗೆ ಸೇರಿಕೊಂಡರು. ಅಡುಗೆಮನೆಯ ಹೆಂಗಸರು ಇನ್ನೂರು ಬನ್ನು ಸೀಳಿಟ್ಟಿದ್ದರು.

ಒಂಬತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ನಾವು ಉದ್ಯಾನ ಹೊಕ್ಕೆವು. ಹಿಂದೆ ನಲವತ್ತಮೂರು ಕಾರು, ಎಲ್ಲದರ ದೀಪವೂ ಉರಿಯುತ್ತಿತ್ತು.

ಮೇಪಲ್ ಮರದ ಕೆಳಗೆ, ಮಡಚುವ ಕುರ್ಚಿಯಲ್ಲಿ, ಎಲ್ರಾಯ್ ಕೂತಿದ್ದರು. ಪಕ್ಕದಲ್ಲಿ ಲೋರ್ನಾ ಆಲೂಗಡ್ಡೆ ಸಲಾಡಿನ ಪಾತ್ರೆಗೆ ನೊಣ ಓಡಿಸುತ್ತಿದ್ದಳು. ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ. ಮನೆಯವರಿಗೆ ಗೊತ್ತೇ ಇರುತ್ತದೆ ಎಂದು ಊರಿನ ಲೆಕ್ಕ. ಪೊಲೀಸ್ ಗಾಡಿ, ಅದರ ಹಿಂದೆ ಹೂವು ತುಂಬಿದ ಕಾರು, ಅದರ ಹಿಂದೆ ಕೊನೆಯಿಲ್ಲದ ಸಾಲು ಬರುವುದನ್ನು ಎಲ್ರಾಯ್ ನೋಡಿದರು. ದೂರದ ಕಣ್ಣು ಅಷ್ಟಕ್ಕಷ್ಟೆ. ಎರಡೂ ಕೈ ಊರಿ ಎದ್ದು ನಿಂತು, ಟೋಪಿ ತೆಗೆದು ಎದೆಗೆ ಒತ್ತಿಕೊಂಡರು.

"ಯಾರು ಹೋದ್ರು?" ಎಂದು ಮಗಳನ್ನು ಕೇಳಿದರು. "ದೊಡ್ಡ ಮನುಷ್ಯನೇ ಇರಬೇಕು. ಎಷ್ಟು ಜನ."

ಕಾರಿನಿಂದ ಮೊದಲು ಇಳಿದವರು ಪಾದ್ರಿ. ಪುಸ್ತಕ ತೆರೆದು ನಾಲ್ಕು ಹೆಜ್ಜೆ ನಡೆದು, ತಲೆಯೆತ್ತಿ, ಸತ್ತವರೇ ಟೋಪಿ ತೆಗೆದು ತಮಗೆ ತಲೆಬಾಗುವುದನ್ನು ಕಂಡರು. ಪುಸ್ತಕ ಮುಚ್ಚಿದರು. ಆ ಪುಸ್ತಕದಲ್ಲಿ ಇಂಥ ಸಂದರ್ಭಕ್ಕೆ ಪ್ರಾರ್ಥನೆ ಇಲ್ಲ.

"ಎಲ್ರಾಯ್," ಎಂದರು. "ನೀವು ಇಲ್ಲೇ ಇದ್ದೀರಲ್ಲ."

"ಎಂಟೂಕಾಲಿಂದ ಇಲ್ಲೇ ಇದ್ದೀನಿ. ತಡ ಆಗಿರೋದು ನಿಮಗೆ."

ಆರ್ಡಿಸ್ ಕುರ್ಚಿ ಹುಡುಕಿ ಕೂತಳು. ಟ್ರೂಡಿ ತಿರುಗುವ ದೀಪ ಆರಿಸಿದಳು. ವೆಂಡೆಲ್ ನೇರವಾಗಿ ಹೋಗಿ ಮಾವನ ತೋಳು ಹಿಂಡಿ ನೋಡಿದ, ಆಮೇಲೆ ಪೀಪಾಯಿಯ ಕಡೆ ತಿರುಗಿ, "ಹಂಗಾದ್ರೆ ನಾನು ಹೊತ್ಕೊಂಡು ಅತ್ತಿದ್ದು ಏನನ್ನ?" ಎಂದ.

"ಬಿಯರು," ಎಂದ ಡೆಲ್ಮರ್. "ಇನ್ನೇನು ಅಂದ್ಕೊಂಡಿದ್ದೆ?"

ವಿಷಯ ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು, ಏಕೆಂದರೆ ಎಲ್ಲರೂ ಒಟ್ಟಿಗೆ ಹೇಳಿದರು. ಎಲ್ರಾಯ್ ಕೊನೆಯವರೆಗೂ ಕೇಳಿದರು. ನಲವತ್ತಮೂರು ಕಾರುಗಳನ್ನು ಒಂದೊಂದಾಗಿ ನೋಡಿದರು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಿದ್ದಂತಿತ್ತು. ಮುಖದಲ್ಲಿ ಒಂದು ಬಗೆಯ ತೃಪ್ತಿ ಹರಡಿತು. ಆದರೆ ಅದು ಬಿಯರಿಗೆ ಸಂಬಂಧಿಸಿದ್ದಲ್ಲ.

"ಸರಿ," ಎಂದರು. "ಮೊದಲನೇ ಗ್ಲಾಸು."

ಡೆಲ್ಮರ್ ಪೀಪಾಯಿಯನ್ನು ಕಾರಿನಿಂದ ಇಳಿಸಲಿಲ್ಲ. ತೆರೆದ ಹಿಂಬಾಗಿಲಲ್ಲೇ ರಬ್ಬರ್ ಕೊಳವೆ ಎಳೆದು, ನಲ್ಲಿ ಸಿಕ್ಕಿಸಿ, ಗ್ಲಾಸನ್ನು ಓರೆ ಹಿಡಿದು ಒತ್ತಿದ. ಗ್ಲಾಸು ತುಂಬಿತು. ಅವನು ಅದನ್ನು ನೋಡಲಿಲ್ಲ, ಕಣ್ಣು ಮುಚ್ಚಿಯೇ ಮಾವನ ಕೈಗೆ ಕೊಟ್ಟ.

"ಓದೋಕೆ ಏನಾದ್ರೂ ಕೊಡಿ," ಎಂದರು ಎಲ್ರಾಯ್. "ಸಣ್ಣ ಅಕ್ಷರ ಇರಬೇಕು."

ಪಾದ್ರಿಯ ಪುಸ್ತಕದ ಅಕ್ಷರ ದಪ್ಪ. ಆರ್ಡಿಸ್‌ನ ಕೈಯಲ್ಲಿ ಒಂದು ಕಾರ್ಡು ಇತ್ತು. ಅದನ್ನು ಬೆನ್ನ ಹಿಂದೆ ಸರಿಸಲು ನೋಡಿದಳು. ಎಲ್ರಾಯ್ ಕೈ ಚಾಚಿದರು. ಲೋರ್ನಾಳಿಗೆಂದು ಕಾರಿನಲ್ಲೇ, ನಾಲ್ಕು ಮೈಲಿ ವೇಗದಲ್ಲಿ, ಅವಳು ಬರೆದಿದ್ದ ಸಂತಾಪದ ಕಾರ್ಡು ಅದು. ಅವರು ಅದನ್ನು ಗ್ಲಾಸಿನ ಹಿಂದೆ ಹಿಡಿದು, ಬಿಸಿಲಿಗೆ ಎತ್ತಿ, ಬಿಯರಿನ ಮೂಲಕ ಓದತೊಡಗಿದರು.

"ಪ್ರಿಯ ಲೋರ್ನಾ. ನಿನ್ನ ತಂದೆ... ಒರಟು ಮಾತಿನವರಾದರೂ..." ನಿಲ್ಲಿಸಿ ಆರ್ಡಿಸ್ ಕಡೆ ನೋಡಿದರು. "ಒರಟು ಮಾತು?"

"ಮುಂದೆ ಓದಿ," ಎಂದಳು ಆರ್ಡಿಸ್.

"...ಒರಟು ಮಾತಿನವರಾದರೂ ಸುಳ್ಳು ಹೇಳಿದವರಲ್ಲ. ಅವರಿಲ್ಲದ ಪಿಕ್ನಿಕ್ಕು ಪಿಕ್ನಿಕ್ಕೇ ಅಲ್ಲ." ಕಾರ್ಡಿನ ಕೆಳಗಂಚಿಗೆ ಬಂದು ಕಣ್ಣು ಕಿರಿದಾಗಿಸಿದರು. ಅಲ್ಲಿ ಅಚ್ಚು ಹಾಕಿದವರ ಹೆಸರು ಇರುವೆಯ ಕಾಲಿನಷ್ಟು ಸಣ್ಣದಾಗಿತ್ತು. ಅದನ್ನೂ ಓದಿದರು, ಊರಿನ ಹೆಸರು ಸಮೇತ.

ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅಳಿಯನ ಕಡೆ ತಿರುಗಿ, "ಕಣ್ಣು ಬಿಡು," ಎಂದರು. ಒಂದು ಗುಟುಕು ಕುಡಿದರು. ನಾವೆಲ್ಲ ಹುಲ್ಲಿನ ಕಡೆ ನೋಡಿದೆವು, ಅಭ್ಯಾಸಬಲ. ಎಲ್ರಾಯ್ ಎರಡನೆಯ ಗುಟುಕು ಕುಡಿದರು. ಮೂರನೆಯದು ಗುಟುಕಲ್ಲ, ಅರ್ಧ ಗ್ಲಾಸು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿದರು. ಗಂಟಲಮಣಿ ನಾಲ್ಕು ಸಲ ಮೇಲೆ ಕೆಳಗೆ ಆಡಿತು.

"ನಮ್ಮ ಸೋಸುವ ಕೋಣೆಯಲ್ಲಿ," ಎಂದರು ಮೀಸೆ ಒರೆಸಿಕೊಂಡು, "ಇಂಥದ್ದನ್ನ ಮಾಲೀಕರ ಮನೆಗೆ ಕಳಿಸ್ತಿದ್ವಿ."

ಡೆಲ್ಮರ್ ಹೆಂಡತಿಯನ್ನು ತಬ್ಬಿಕೊಂಡ. "ನಾಳೆ ಬಟ್ಟೆ ಒಗೀಬಹುದಾ?" ಎಂದಳು ಲೋರ್ನಾ ಅವನ ಭುಜದ ಮೇಲಿಂದ. ಯಾರೋ ಚಪ್ಪಾಳೆ ಶುರು ಮಾಡಿದರು. ಅದು ಕಾರಿನ ಸಾಲಿನ ಕೊನೆಯವರೆಗೂ ಹೋಯಿತು. ಟ್ರೂಡಿ ಸೈರನ್ನನ್ನು ಒಂದು ಸಲ, ಚಿಕ್ಕದಾಗಿ, ಕೂಗಿಸಿದಳು. ವೆಂಡೆಲ್ ತಾನು ತಂದಿದ್ದ ಡಬ್ಬಿ ಬಿಯರನ್ನು ಮೇಜಿನ ಕೆಳಗೆ ಕಾಲಿನಿಂದ ತಳ್ಳಿ, ಗ್ಲಾಸು ಹಿಡಿದು ಸಾಲಿನಲ್ಲಿ ನಿಂತ.

"ಚಮಚ ತಂದಿಲ್ವಾ?" ಎಂದ ಡೆಲ್ಮರ್.

"ನಾನು ಹೊತ್ತಿದ್ದಕ್ಕೇ ಅದು ತಿಳಿಯಾಗಿರೋದು. ತುಂಬಾ ಹಾಕು."

ಅವನು ಹೇಳಿದ್ದು ವೈಜ್ಞಾನಿಕವಾಗಿ ಸರಿಯೆಂದು ನಾನು ಒಪ್ಪಲೇಬೇಕು.

ಬನ್ನುಗಳು ಬಂದವು. ಎಲ್ರಾಯ್ ತಮ್ಮ ಉತ್ತರಕ್ರಿಯೆಯ ಊಟದಲ್ಲಿ ಮೂರು ಬನ್ನು ತಿಂದು, ಸಾಸಿವೆ ಕಡಿಮೆಯಾಗಿದೆ ಎಂದರು. ಎಲ್ಲರೂ ಪ್ರಾರ್ಥನೆಗೆ ಎದ್ದುಹೋದ ಮೇಲೆ ಅವರ ಖಾಲಿ ಗ್ಲಾಸು ಕುರ್ಚಿಯ ಕೈಯ ಮೇಲೆ ಉಳಿದಿತ್ತು. ನಾನು ಅದನ್ನು ಯಾರಿಗೂ ಕಾಣದಂತೆ ಕೋಟಿನೊಳಗೆ ಇಟ್ಟುಕೊಂಡು ಮನೆಗೆ ಒಯ್ದೆ. ತಳ ಕಾಣುವವರೆಗೆ ಎಂಬ ಪಣಕ್ಕೆ ಪುರಾವೆ ಬೇಕೆಂದು ಅದನ್ನು ಅಳತೆಯ ಕೊಳವೆಗೆ ಬಗ್ಗಿಸಿ, ನೊರೆ ಇಳಿಯುವವರೆಗೆ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಎಲ್ರಾಯ್ ಸ್ಟೂಬಿ ಕುಡಿಯದೆ ಬಿಟ್ಟದ್ದು 1.5 ಮಿಲಿಲೀಟರ್.